ಬಣ್ಣ ಆರುವ ಮೊದಲು

“ಗುರುಗಳೇ, ಮನಸ್ಸಿಟ್ಟು ಒಂದು ಕೆಲಸ ಮಾಡುತ್ತಿರುವಾಗ ಯಾರಾದರೂ ನಡುವೆ ಬಂದು ಮಾತಾಡಿಸಿದರೆ ಏನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು. “ಉತ್ತರವನ್ನು ಮೊದಲೇ ಗಟ್ಟಿಮಾಡಿಕೊಂಡು ಬಂದು ನನ್ನನ್ನು ಕೇಳುತ್ತಿದ್ದೀಯ. ಇರಲಿ, ಕೂತುಕೋ. ನಾನು ಮುಗಿಸುವ ತನಕ ಬಾಯಿ ಹಾಕಬೇಡ” ಎಂದು ಕಥೆಯೊಂದನ್ನು ಹೇಳತೊಡಗಿದರು.

ಒಬ್ಬ ಚಿತ್ರಕಾರನಿದ್ದ. ಜಲವರ್ಣದಲ್ಲಿ ಅವನದು ಪಳಗಿದ ಕೈ. ದೊಡ್ಡ ರೈಲು ನಿಲ್ದಾಣವೊಂದನ್ನು ಅದರ ಜನಜಂಗುಳಿಯ ಸಮೇತ ಒಂದು ಕಾಗದದಲ್ಲಿ ಹಿಡಿಯಬೇಕೆಂದು ಅವನಿಗೆ ಹಟ. ಎರಡು ಸಲ ಹೋಗಿ ಕೂತ. ಎರಡು ಸಲವೂ ಚಿತ್ರ ಕೆಟ್ಟಿತು. ಆ ಬಣ್ಣದ ಸ್ವಭಾವವೇ ಹಾಗೆ. ಕಾಗದ ಒದ್ದೆಯಿರುವಾಗಲೇ ಬಣ್ಣ ಎಳೆದು ಮುಗಿಸಬೇಕು. ನಡುವೆ ಕೈ ನಿಂತರೆ ಅಂಚು ಒಣಗಿ ಗೆರೆ ಬೀಳುತ್ತದೆ. ಆ ಗೆರೆಯನ್ನು ಎಂಥವನೂ ತೆಗೆಯಲಾರ.

ಮೂರನೆಯ ಸಲ ಪ್ಲಾಟ್‌ಫಾರಂನ ಕಂಬವೊಂದಕ್ಕೆ ಒರಗಿ ಕೂತ. ಹೆಂಗಸೊಬ್ಬಳು ತನ್ನ ಮುದಿ ತಾಯಿಯನ್ನು ಎದುರಿನ ಬೆಂಚಿನಲ್ಲಿ ಕೂರಿಸಿ ಅವನ ಬಳಿ ಬಂದಳು.

“ಅಣ್ಣಾ, ಅವ್ವನಿಗೆ ಮರೆವು. ನಾನು ಟಿಕೆಟ್ ತರುವ ತನಕ ಒಂದು ಕಣ್ಣಿಟ್ಟಿರಿ.”

“ಆಗಲಿ ತಾಯಿ, ಹೋಗಿ ಬಾ” ಎಂದ. ಹೇಳಿದ ಹಾಗೆ ನೋಡಿದ ಕೂಡ. ಮುದುಕಿಯ ಹಸಿರು ಸೀರೆ, ಮಡಿಲಲ್ಲಿನ ಗಂಟು, ಎಲ್ಲವನ್ನೂ ನಾಲ್ಕು ಎಳೆತದಲ್ಲಿ ಕಾಗದಕ್ಕೆ ಇಳಿಸಿದ. ಅಷ್ಟರಲ್ಲಿ ರೈಲು ಬಂತು. ಜನ ನುಗ್ಗಿದರು. ಅವನಿಗೆ ಬೇಕಿದ್ದದ್ದೂ ಅದೇ. ಕಾಗದದ ಉಳಿದ ಭಾಗ ನೆನೆಸಿ, ಇಡೀ ಪ್ಲಾಟ್‌ಫಾರಂನ ನೆರಳನ್ನು ಒಂದೇ ಉಸಿರಿಗೆ ಎಳೆಯತೊಡಗಿದ.

ಮುದುಕಿ ಎದ್ದು ಬಂದಳು. “ತಮ್ಮಾ, ಇದೇ ಏನು ನಮ್ಮ ಗಾಡಿ?”

ತಲೆ ಎತ್ತಿದರೆ ಗೆರೆ ಬೀಳುತ್ತದೆ. ತಲೆ ಎತ್ತದೆಯೇ “ಹ್ಞೂಂ” ಎಂದುಬಿಟ್ಟ. ಪ್ರಶ್ನೆ ಏನೆಂದು ಅವನ ಕಿವಿಗೆ ಬಿದ್ದಿರಲೇ ಇಲ್ಲ. ಮುದುಕಿ ಗಂಟು ಎತ್ತಿಕೊಂಡು ಹತ್ತಿದಳು. ಗಾಡಿ ಹೋಯಿತು. ಗೆರೆ ಬೀಳಲಿಲ್ಲ.

ಮಗಳು ಟಿಕೆಟ್ ಹಿಡಿದು ಬಂದಾಗ ಬೆಂಚು ಖಾಲಿಯಿತ್ತು. ಮೈಕಿನಲ್ಲಿ ಕೂಗಿಸಿದರು, ಮುಂದಿನ ನಿಲ್ದಾಣಗಳಿಗೆ ಫೋನ್ ಮಾಡಿಸಿದರು, ಪೊಲೀಸರಿಗೆ ಬರೆದುಕೊಟ್ಟರು. ಆ ದಾರಿಯ ಊರೂರಿಗೂ ಮಗಳು ಹೋಗಿ ಕೇಳಿದಳು. ಯಾರೂ ಕಂಡಿರಲಿಲ್ಲ. ಚಿತ್ರಕಾರನೂ ಅವಳ ಜೊತೆ ಅಲೆದ. ಅವನಿಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ತಾನು “ಹ್ಞೂಂ” ಎಂದದ್ದನ್ನು ಅವಳಿಗೆ ಹೇಳಲು ಅವನಿಗೆ ಎಂಟು ತಿಂಗಳು ಬೇಕಾಯಿತು.

ಅವಳು ಬೈಯಲಿಲ್ಲ. “ಆ ದಿನದ ಚಿತ್ರವನ್ನು ತೋರಿಸಿ” ಎಂದಳು. ಆ ಗುಂಪಿನಲ್ಲಿ ಅವ್ವ ಎಲ್ಲಿ ಎಂದು ಅವನೇ ಬೆರಳಿಟ್ಟು ತೋರಿಸಬೇಕಾಯಿತು. ತಲೆಯಿದ್ದ ಜಾಗದಲ್ಲಿ ಒಂದು ಕಂದು ಚುಕ್ಕೆಯಿತ್ತು.

“ಮುಖ ಬರೆದಿಲ್ಲವಲ್ಲ ಅಣ್ಣಾ” ಎಂದಳು.

“ಗುಂಪಿನ ಜನಕ್ಕೆ ಮುಖ ಬರೆಯುವುದಿಲ್ಲಮ್ಮ.”

ಅವಳ ಬಳಿ ತಾಯಿಯದೊಂದು ಫೋಟೋ ಕೂಡ ಇರಲಿಲ್ಲ. ಅವನು ಚಿತ್ರವನ್ನು ಅವಳ ಕೈಗಿತ್ತು, ಅವಳ ಮುಂದೆಯೇ ಕೂತು ಅತ್ತ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಅವನು ಬೇಕೆಂದು ಮಾಡಲಿಲ್ಲವಲ್ಲ ಗುರುಗಳೇ. ಅಷ್ಟು ಮನಸ್ಸಿಟ್ಟದ್ದಕ್ಕೇ ತಾನೆ ಚಿತ್ರ ಅಷ್ಟು ಚೆನ್ನಾಗಿ ಬಂದದ್ದು?”

“ಚೆನ್ನಾಗಿಯೇ ಬಂತು. ಆ ಮಗಳ ಮನೆಯಲ್ಲಿ ಈಗ ಅವ್ವ ಇಲ್ಲ, ಅದು ಇದೆ.”