ಕೊಳಕ್ಕೆ ಬಿದ್ದ ನಾಲ್ಕು ಕಂಪ್ಯೂಟರ್

ಮಕ್ಕಳೇ, ತಾವರೆಕೊಳದ ದಂಡೆಯಲ್ಲಿ ಬೋರಣ್ಣ ಎಂಬ ಕರಡಿಯ ಕಚೇರಿ ಇತ್ತು. ಹಕ್ಕಿಗಳಿಗೆ ಗೂಡಿನ ನಕ್ಷೆ ಬರೆದುಕೊಡುವುದು ಅಲ್ಲಿಯ ಕೆಲಸ. ನಕ್ಷೆ ಬರೆಯುವ ಸಾಫ್ಟ್‌ವೇರ್ ತಿಪ್ಪವ್ವ ಎಂಬ ಜೇಡದ್ದು. ಅವಳು ಲೈಸೆನ್ಸ್ ಕೊಟ್ಟಿದ್ದು ಹತ್ತು ಕಂಪ್ಯೂಟರಿಗೆ. ಕಚೇರಿಯಲ್ಲಿ ಇದ್ದದ್ದು ಹದಿನಾಲ್ಕು. ಹದಿನಾಲ್ಕರಲ್ಲೂ ಅದೇ ಸಾಫ್ಟ್‌ವೇರ್!

ಹೇಗೆ ಅಂತೀರಾ? ಹೊಸಬರು ಯಾರೇ ಸೇರಲಿ, ಬೋರಣ್ಣ ಅವರಿಗೆ ಒಂದು ತೊಟ್ಟು ಜೇನು ನೆಕ್ಕಿಸಿ, ಪಕ್ಕದವರ ಕಂಪ್ಯೂಟರಿನಿಂದ ನಕಲು ಮಾಡಿಸಿಬಿಡುತ್ತಿದ್ದ. ಅದು ಆ ಕಚೇರಿಯ ಸತ್ಕಾರ.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅಳಿಲು ಸುಬ್ಬಕ್ಕನಿಗೆ ಹೇಳಿ ಹೇಳಿ ಬಾಯಿ ಬತ್ತಿತ್ತು.

"ಬೋರಣ್ಣ, ಯಾವುದಕ್ಕೆ ಲೈಸೆನ್ಸ್ ಇದೆ, ಯಾವುದಕ್ಕೆ ಇಲ್ಲ, ಒಂದು ಪಟ್ಟಿ ಮಾಡೋಣ. ಅರ್ಧ ದಿನದ ಕೆಲಸ."

"ನಾಳೆ ಮಾಡೋಣ ಸುಬ್ಬಕ್ಕ."

"ನಿನ್ನ ನಾಳೆಗೆ ಮೂರು ವರ್ಷ ತುಂಬಿತು ಕಣಣ್ಣ!"

ಮೊಟ್ಟೆ ಇಡುವ ಕಾಲ ಬಂತು. ಕೊಕ್ಕರೆಗಳಿಗೆ ಗುರುವಾರದೊಳಗೆ ನಲವತ್ತು ಗೂಡಿನ ನಕ್ಷೆ ಬೇಕಿತ್ತು. ಕೆಲಸ ಬಹುಪಾಲು ಮುಗಿದಿತ್ತು. ಅಷ್ಟರಲ್ಲಿ ತಿಪ್ಪವ್ವನ ಕಾಗದ: "ಬುಧವಾರ ಬರುತ್ತೇನೆ. ನನ್ನ ಸಾಫ್ಟ್‌ವೇರ್ ಎಲ್ಲೆಲ್ಲಿದೆ ನೋಡಬೇಕು."

"ಈಗಲಾದರೂ ಪಟ್ಟಿ..." ಎಂದಳು ಸುಬ್ಬಕ್ಕ.

"ಹದಿನಾಲ್ಕರಲ್ಲಿ ನಾಲ್ಕು ಹೋದರೆ ಹತ್ತು. ಇದಕ್ಕೆ ಪಟ್ಟಿ ಬೇರೆ ಕೇಡು!" ಎಂದ ಬೋರಣ್ಣ, ಕೈಗೆ ಸಿಕ್ಕ ನಾಲ್ಕು ಕಂಪ್ಯೂಟರುಗಳನ್ನು ಅವುಚಿಕೊಂಡು ಹೋಗಿ ಕೊಳಕ್ಕೆ ಎಸೆದೇಬಿಟ್ಟ. ಗುಳುಂ!

ಬುಧವಾರ ತಿಪ್ಪವ್ವ ಬಂದು ಒಂದೊಂದೇ ಕಂಪ್ಯೂಟರ್ ಹತ್ತಿ ಇಳಿದಳು.

"ಆರಕ್ಕೆ ನಾನು ಲೈಸೆನ್ಸ್ ಕೊಟ್ಟಿದ್ದೇನೆ. ಈ ನಾಲ್ಕರಲ್ಲಿರೋದು ಕದ್ದ ಮಾಲು."

"ಅದು ಹೇಗೆ? ಹತ್ತಕ್ಕೆ ಕೊಟ್ಟಿದ್ದೀಯಲ್ಲ!"

"ಕೊಟ್ಟಿದ್ದೆ. ಉಳಿದ ನಾಲ್ಕು ಎಲ್ಲಿ?"

ಬೋರಣ್ಣ ಕೊಳದ ಕಡೆ ನೋಡಿದ.

"ಇದು ಇತ್ಯರ್ಥ ಆಗೋವರೆಗೆ ಎಲ್ಲಕ್ಕೂ ಬೀಗ," ಎಂದಳು ತಿಪ್ಪವ್ವ.

ಸುಬ್ಬಕ್ಕ ಹಣೆ ಚಚ್ಚಿಕೊಂಡಳು. "ಬೋರಣ್ಣ, ನೀನು ಮುಳುಗಿಸಿದ್ದು ಲೈಸೆನ್ಸ್ ಇದ್ದ ನಾಲ್ಕನ್ನ! ಕೊಕ್ಕರೆಗಳ ನಕ್ಷೆ ಪೂರ್ತಿ ಅದರಲ್ಲೇ ಇತ್ತು. ಈ ನಕಲು ನಾಲ್ಕು ಯಾರದು ಗೊತ್ತಾ? ನವಿಲು, ಆಮೆ, ಆ ಎರಡು ಮೊಲ. ಒಬ್ಬರೂ ಒಂದು ದಿನ ಆ ಸಾಫ್ಟ್‌ವೇರ್ ತೆರೆದವರಲ್ಲ. ನವಿಲು ಕಂಪ್ಯೂಟರಿನಲ್ಲಿ ನೋಡೋದು ತನ್ನ ಫೋಟೋ! ಆ ನಾಲ್ಕು ನಕಲು ಅಳಿಸಿದ್ದರೆ ಮುಗೀತಿತ್ತು."

"ಮೊದಲೇ ಹೇಳಬಾರದಾ?"

ಸುಬ್ಬಕ್ಕ ಬಾಲ ಕೊಡವಿ ತನ್ನ ಮೇಜಿಗೆ ಹೋದಳು. ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಮ್ಮ ಬಾಯೇ ಹೊಲಸು.

ಗುರುವಾರ ಕೊಕ್ಕರೆಗಳ ಹಿರಿಯಳು ಬಂದು ಖಾಲಿ ಮೇಜು ನೋಡಿದಳು. "ಮೊಟ್ಟೆ ನಿಮ್ಮ ನಾಳೆಗೆ ಕಾಯಲ್ಲ ಬೋರಣ್ಣ," ಎಂದು ಹಿಂಡು ಕಟ್ಟಿಕೊಂಡು ಆಚೆ ಕೆರೆಗೆ ಹಾರಿಹೋದಳು.

ಬೋರಣ್ಣ ತಲೆ ಕೆರೆದುಕೊಂಡ. "ಸುಬ್ಬಕ್ಕ, ಆ ಪಟ್ಟಿ... ಮಾಡೋಣ್ವಾ?"

ಸುಬ್ಬಕ್ಕ ಹಾಳೆ ತೆಗೆದು ಮೊದಲ ಸಾಲು ಬರೆದಳು: ಕೊಳದಲ್ಲಿ, ನಾಲ್ಕು.

ನೀತಿ: ತನ್ನ ಬಳಿ ಏನಿದೆ ಎಂದು ತಿಳಿಯದವನು ತಪ್ಪನ್ನು ಬಚ್ಚಿಡಲು ಹೋಗಿ ನ್ಯಾಯವಾದದ್ದನ್ನೇ ಕಳೆದುಕೊಳ್ಳುತ್ತಾನೆ.