ಸಮ ಇದ್ದರೆ ಸಾಕೆಂದ ಬಣ್ಣಗಾರ

ಎಲ್ಲ ನೀರನ್ನೂ ಅಳೆದು ಕೊಟ್ಟು, ತಾನು ಮಾತ್ರ ಅಳತೆಗೆ ಸಿಗದ ಆ ದೇವರಿಗೆ ಕೈಮುಗಿದು ಹೇಳುತ್ತೇನೆ.

ಮಠದಿಂದ ಹೊರಡಲಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಸ್ವಾಮಿ, ಶಾಸ್ತ್ರವೆಲ್ಲ ನನ್ನ ತಲೆಗೆ ಹತ್ತದು. ಎಲ್ಲಿ ಹೋದರೂ ಸಾಕಾಗುವಂಥ ಒಂದೇ ಮಾತು ಕೊಡಿ."

ಗುರುಗಳು ಹೇಳಿದರು:

ಒಬ್ಬ ಬಣ್ಣಗಾರನಿದ್ದ. ಅರಿಶಿನದ ಬಣ್ಣದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ನಿನಗೆ ಗೊತ್ತೇ ಇದೆ. ಬಟ್ಟೆಯನ್ನು ಬಿಳುಪು ಮಾಡುವುದೋ ಸುಣ್ಣದ ನೀರಿನಲ್ಲಿ; ಎಷ್ಟು ತೊಳೆದರೂ ನೂಲಿನಲ್ಲಿ ಒಂದಿಷ್ಟು ಸುಣ್ಣ ಉಳಿಯುತ್ತದೆ. ಅದಕ್ಕೇ ಅವನು ಬಣ್ಣದ ಬಾನಿಗೆ ಹುಣಸೆಹುಳಿ ಹಾಕುತ್ತಿದ್ದ. ಅರ್ಧ ಹಾಗೆಯೇ, ಉಳಿದರ್ಧ ಬೂದಿನೀರು ಬೆರೆಸಿ ಹುಳಿ ಮುರಿದದ್ದು. ಎರಡೂ ಕೂಡಿ ಸುಣ್ಣವನ್ನು ನುಂಗಿಕೊಂಡು ಬಣ್ಣವನ್ನು ಕಾಯುತ್ತಿದ್ದವು.

ಅಳಿಯ ಕಸುಬು ಕಲಿಯಲು ಬಂದ. "ಮಾವ, ನೀರು ಹೆಚ್ಚಾದರೆ ಕೆಡುವುದಿಲ್ಲವೇ?"

"ಎರಡೂ ಸಮ ಇದ್ದರೆ ಸಾಕಪ್ಪ, ನೀರು ಎಷ್ಟಾದರೂ ಹೊಯ್ಯಿ. ಇಷ್ಟಾದರೂ ನೆನಪಿಟ್ಟುಕೋ, ನಿನ್ನೆ ಉಂಡದ್ದೇ ನಿನಗೆ ನೆನಪಿರುವುದಿಲ್ಲ!" ಎಂದು ಮಾವ ನಕ್ಕ.

ಮಾತು ಸುಳ್ಳಲ್ಲ. ಒಂದೆರಡು ಕೊಡ ನೀರಿಗೆ ಏನೂ ಆಗುತ್ತಿರಲಿಲ್ಲ. ಅದರಾಚೆ ನೀರು ಹೆಚ್ಚಿದರೆ ಹುಳಿಯೂ ಹೆಚ್ಚಬೇಕೆಂಬುದು ಮುದುಕನ ಕೈಗೆ ಗೊತ್ತಿತ್ತು, ಬಾಯಿಗೆ ಬಂದಿರಲಿಲ್ಲ.

ಮಾವ ಪರವೂರಿಗೆ ಹೋಗಿದ್ದಾಗ ಮದುವೆಮನೆಯವರು ಸೀರೆಗಳ ಹೊರೆ ತಂದರು. ಅಳಿಯ ಅರಿಶಿನ ಹೆಚ್ಚಿಸಿ, ಇದ್ದ ಹುಳಿಗೇ ನೀರು ಹೊಯ್ದ. ಮೊದಲ ಸೀರೆಗಳು ಹೊನ್ನಿನಂತೆ ಬಂದವು. ಧೈರ್ಯ ಬಂದು ಇನ್ನಷ್ಟು ಹೊಯ್ದ. ಹುಳಿಗಳೆರಡೂ ಆಗಲೂ ಸಮವೇ ಇದ್ದವು. ಆದರೆ ಅಷ್ಟು ನೀರಿನಲ್ಲಿ ಇದ್ದೂ ಇಲ್ಲದಂತಾಗಿದ್ದವು. ನೂಲಿನಲ್ಲಿ ಉಳಿದಿದ್ದ ಸುಣ್ಣವನ್ನು ತಡೆಯಲಾರದೆ ಹೋದವು. ಧಾರೆಯ ಸೀರೆ ಮೈಯೆಲ್ಲ ಕೆಂಪು ಕಲೆಯಾಗಿ ಮೇಲೆದ್ದಿತು.

"ಸಾರಿಗೆ ಹೊಯ್ದ ಹಾಗೆ ಹೊಯ್ದೆಯೇನಯ್ಯಾ? ಮಾವನ ಹೆಸರನ್ನೇ ತೊಳೆದುಬಿಟ್ಟೆ!" ಎಂದರು ಮದುವೆಮನೆಯವರು.

ಮಾವನ ಮಾತನ್ನು ಕೂದಲಷ್ಟೂ ಮೀರದವನು ನಾಚಿಕೆಯಿಂದ, ಹೆಂಡತಿಗೂ ಹೇಳದೆ ಊರು ಬಿಟ್ಟ.

ಮುದುಕ ಬಂದು ನೋಡಿದ. ಹುಣಸೆಹಣ್ಣು ಕಿವುಚಿ ಆ ನೀರಿನಲ್ಲಿ ಸೀರೆ ಅದ್ದಿದ. ಕೆಂಪು ಹೋಗಿ ಹಳದಿ ಮರಳಿತು. ಮದುವೆ ಸಾಂಗವಾಗಿ ನಡೆಯಿತು. ಆಮೇಲೆ ಅವನು ಬಾನಿ ಮುಟ್ಟಲಿಲ್ಲ. ಸಂತೆ ಸಂತೆಗೂ ಹೋಗಿ ಕೇಳುತ್ತಿದ್ದ: ನನ್ನ ಅಳಿಯನನ್ನು ಕಂಡಿರಾ? ಕಂಡರೆ, ಅವನದು ತಪ್ಪಿಲ್ಲವೆಂದು ಹೇಳಿ. ನಾನೇ ಅರ್ಧ ಹೇಳಿದ್ದೆನೆಂದು ಹೇಳಿ.

ಅಳಿಯ ಬರಲಿಲ್ಲ.

ಗುರುಗಳು ಶಿಷ್ಯನ ಮುಖ ನೋಡಿದರು. "ಒಂದು ಮಾತು ಕೊಡುತ್ತೇನಪ್ಪ, ಅದು ಸಾಲದೆ ಹೋದ ದಿನ ನಾಚದೆ ಇಲ್ಲಿಗೆ ಬರುತ್ತೀಯಾ?"



ಕೇಳಿದ ನಿಮ್ಮೆಲ್ಲರ ಮನೆಗಳಿಂದ ಹೋದವರು ಮರಳಿ ಬರಲಿ. ಬರುವ ದಾರಿಯನ್ನು ದೇವರು ಕಾಯಲಿ.