ತುಂಬಿದ ವ್ಯಾನು

"ಗುರುಗಳೇ, ನನ್ನ ನಡೆಯಲ್ಲಿ ತಪ್ಪಿಲ್ಲವೆಂದು ನೀವೇ ಹೇಳಿದಿರಿ. ಹಾಗಿದ್ದೂ ನಾಲ್ಕು ಜನರಿಗೆ ದಾರಿ ತೋರಿಸಲು ನನಗೇಕೆ ಇನ್ನೂ ಅಪ್ಪಣೆಯಿಲ್ಲ?" ಎಂದು ಶಿಷ್ಯನು ಕೇಳಿದನು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಚಾಲಕನಿದ್ದನು. ಬಹಳ ವರ್ಷ ಸಣ್ಣ ಕಾರು ಓಡಿಸಿದವನು. ಅವನ ಕೈಯಲ್ಲಿ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅವನ ಹೆಸರು ಕೇಳಿ ಒಬ್ಬ ವ್ಯಾಪಾರಿ ತನ್ನ ಹೊಸ ವ್ಯಾನನ್ನು ಅವನಿಗೆ ಒಪ್ಪಿಸಿದನು. ಚಾಲಕನು ಖಾಲಿ ವ್ಯಾನನ್ನು ಬೆಟ್ಟದ ದಾರಿಯಲ್ಲಿ ಓಡಿಸಿ ನೋಡಿದನು. ಅದು ಹೇಳಿದ ಹಾಗೆ ಕೇಳಿತು. ಇದೂ ಕಾರೇ, ತುಸು ಉದ್ದ ಅಷ್ಟೆ ಎಂದುಕೊಂಡನು.

ಕೆಲವು ದಿನ ಕಳೆದು ವ್ಯಾಪಾರಿಯ ಮನೆಯವರೂ ನೆಂಟರೂ ಬೆಟ್ಟದ ದೇವರಿಗೆ ಹೊರಟರು. ಸೀಟುಗಳೆಲ್ಲ ತುಂಬಿದವು. ಅಕ್ಕಿಯ ಮೂಟೆಗಳನ್ನೂ ಅಡುಗೆಯ ಪಾತ್ರೆಗಳನ್ನೂ ವ್ಯಾನಿನ ಮೇಲೆ ಕಟ್ಟಿದರು. ಮಧ್ಯಾಹ್ನದ ಪೂಜೆ ತಪ್ಪಬಾರದೆಂದು ವ್ಯಾಪಾರಿ ಅವಸರಪಡಿಸಿದನು. ದಾರಿಯ ನಡುವೆ ಇಳಿಜಾರಿನ ಒಂದು ತಿರುವಿಗೆ ಚಾಲಕನು ಹಿಂದೆ ಖಾಲಿ ವ್ಯಾನಿನಲ್ಲಿ ಬಂದ ವೇಗದಲ್ಲೇ ಬಂದನು. ವ್ಯಾನು ಪಕ್ಕಕ್ಕೆ ವಾಲಿತು. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಬ್ರೇಕು ಒತ್ತಿದರೂ ಅದು ಅವನು ಎಣಿಸಿದ ಜಾಗ ದಾಟಿಹೋಗಿ, ಕಣಿವೆಯ ಅಂಚಿನ ಗೋಡೆಯಿಂದ ಗೇಣಿನಷ್ಟು ದೂರದಲ್ಲಿ ನಿಂತಿತು.

ಯಾರಿಗೂ ಪೆಟ್ಟಾಗಿರಲಿಲ್ಲ. ಚಾಲಕನು ಎಲ್ಲರನ್ನೂ ಇಳಿಸಿದನು.

"ಗಾಡಿ ಕೆಟ್ಟಿತೇನಪ್ಪ?" ಎಂದು ವ್ಯಾಪಾರಿಯ ತಾಯಿ ಕೇಳಿದಳು.

"ಗಾಡಿ ಸರಿಯಾಗಿದೆ ತಾಯಿ. ನಿಮ್ಮನ್ನೆಲ್ಲ ಕೂರಿಸಿಕೊಂಡು ನಾನೇ ಒಬ್ಬಂಟಿಯ ಹಾಗೆ ಓಡಿಸಿದೆ."

ಅವನು ಮೇಲಿನ ಮೂಟೆಗಳನ್ನು ಇಳಿಸಿ ಸೀಟುಗಳ ಕೆಳಗೆ ಸೇರಿಸಿದನು. ಎಲ್ಲರೂ ಬೆಲ್ಟು ಹಾಕಿಕೊಳ್ಳುವ ತನಕ ಹೊರಡಲಿಲ್ಲ. ವ್ಯಾಪಾರಿ ಮತ್ತೆ ಪೂಜೆಯ ಮಾತೆತ್ತಿದನು. ದೇವರು ಎಲ್ಲಿಗೂ ಹೋಗುವುದಿಲ್ಲ, ನಾವು ಜೀವಂತ ತಲುಪಿದರಾಯಿತು ಎಂದು ತಾಯಿ ಅವನನ್ನು ಸುಮ್ಮನಾಗಿಸಿದಳು.

ಆಮೇಲೆ ಪ್ರತಿ ತಿರುವಿಗೂ ಮೊದಲೇ ವ್ಯಾನಿನ ವೇಗ ಇಳಿಯುತ್ತಿತ್ತು. ಹಿಂದಿನ ಸೀಟಿನ ಹೆಂಗಸರು ಹಾಡಲು ತೊಡಗಿದರು. ಅವರು ತಲುಪುವಾಗ ಪೂಜೆ ಮುಗಿದಿತ್ತು, ಆದರೂ ದರ್ಶನ ಸಿಕ್ಕಿತು. ಆಲದ ಮರದ ಕೆಳಗೆ ಅಡುಗೆ ಮಾಡಿ ಉಂಡರು. ವ್ಯಾಪಾರಿ ತಾನೇ ಚಾಲಕನಿಗೆ ಬಡಿಸಿದನು. ಬೆಟ್ಟ ಇಳಿಯುವಾಗ ಹಾಡುವ ದನಿಗಳು ಒಂದೊಂದಾಗಿ ನಿಂತವು. ಎಲ್ಲರಿಗೂ ನಿದ್ದೆ ಹತ್ತಿತ್ತು, ವ್ಯಾಪಾರಿಗೂ.

ಕತೆ ಮುಗಿಯಿತು. ಶಿಷ್ಯನು, ಚಾಲಕನು ತಪ್ಪಿದನು ನಿಜ, ತಾನಾದರೋ ಎಲ್ಲಿಯೂ ತಪ್ಪಿಲ್ಲವಲ್ಲ ಎಂದನು.

ಗುರುಗಳು ನಕ್ಕರು. "ಒಬ್ಬನೇ ಹೋಗುವಾಗ ನಿನ್ನ ನಡೆಯೇನೋ ಚೆನ್ನಾಗಿದೆ ಮಗು, ಆದರೆ ನಿನ್ನ ಹಿಂದೆ ಕುಳಿತು ಯಾರು ನಿಶ್ಚಿಂತೆಯಿಂದ ನಿದ್ದೆ ಹೋದಾರು?"